ಬುತ್ತಿಗಂಟಿನಿಂದ ಹೋಟೆಲಿನ ಮೇಜಿಗೆ: ಬೆಂಗಳೂರಿನ ಊಟದ ಮನೆಗಳು ಮತ್ತು ಕನಕಪುರ ಸೀಮೆ

ನಮ್ಮ ಜಾನಪದ ವಿದ್ವಾಂಸರು ಆಹಾರವನ್ನು ಕುರಿತು ಬರೆದಾಗಲೆಲ್ಲ ಹಬ್ಬದಡುಗೆ, ಎಡೆ, ಬಾಣಂತಿಯ ಪಥ್ಯ, ಸುಗ್ಗಿಯ ಊಟ ಮೊದಲಾದವುಗಳಿಗೆ ಹೆಚ್ಚಿನ ಗಮನ ನೀಡಿದ್ದಾರೆ. ಹೋಟೆಲು ಈ ಚರ್ಚೆಯಿಂದ ಬಹುಮಟ್ಟಿಗೆ ಹೊರಗುಳಿದಿದೆ. ಅದು ನಗರದ್ದು, ಹಣದ ವ್ಯವಹಾರಕ್ಕೆ ಸೇರಿದ್ದು, ಆದ್ದರಿಂದ ಜನಪದದ ವ್ಯಾಪ್ತಿಗೆ ಬಾರದು ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಬೆಂಗಳೂರಿನ ಹೋಟೆಲುಗಳಲ್ಲಿ ಉಂಡವರಲ್ಲಿ ಸುತ್ತಲಿನ ಹಳ್ಳಿಗಳಿಂದ ಬಂದವರ ಪಾಲು ದೊಡ್ಡದು. ಯಾರು ಬೇಯಿಸಿದ್ದನ್ನು ಯಾರು ಉಣ್ಣಬಹುದು, ಯಾರ ಪಕ್ಕದಲ್ಲಿ ಯಾರು ಕೂರಬಹುದು ಎಂಬ ಹಳ್ಳಿಯ ಕಟ್ಟಳೆಗಳು ಮೊದಲು ಸಡಿಲಗೊಂಡ ತಾಣಗಳಲ್ಲಿ ಹೋಟೆಲೂ ಒಂದು. ಕನಕಪುರ ಸೀಮೆಯ ಕಡೆಯಿಂದ ನಿಂತು ಈ ಇತಿಹಾಸವನ್ನು ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಇಲ್ಲಿ ದೊಡ್ಡಆಲಹಳ್ಳಿಯನ್ನು ನಿಲ್ಲುವ ನೆಲೆಯಾಗಿ ಆರಿಸಿಕೊಳ್ಳಲಾಗಿದೆ. ಕನಕಪುರ ತಾಲ್ಲೂಕಿಗೆ ಸೇರಿದ ಈ ಊರು ಕಾವೇರಿ ಸಂಗಮದ ಕಡೆಗೆ ಹೋಗುವ ಹಾದಿಯಲ್ಲಿದೆ. ಕನಕಪುರದಿಂದ ಬೆಂಗಳೂರು ಸುಮಾರು 55 ಕಿ.ಮೀ. ದೂರ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ 2007ರಲ್ಲಿ ರಾಮನಗರ ಜಿಲ್ಲೆಯನ್ನು ರಚಿಸಲಾಯಿತು. 2025ರಲ್ಲಿ ರಾಜ್ಯ ಸರ್ಕಾರ ಅದಕ್ಕೆ ಬೆಂಗಳೂರು ದಕ್ಷಿಣ ಎಂಬ ಹೆಸರನ್ನಿಟ್ಟಿತು. ಆಡಳಿತದ ಹೆಸರು ಏನೇ ಇರಲಿ, ಇದು ರಾಗಿ ಮತ್ತು ರೇಷ್ಮೆಯ ನಾಡು.

ಮಾರಾಟಕ್ಕಿಲ್ಲದ ಅನ್ನ

ಈ ಸೀಮೆಯ ಆಡುಮಾತಿನಲ್ಲಿ ‘ಹಿಟ್ಟು’ ಎಂದರೆ ಬೀಸಿದ ಪುಡಿಯಷ್ಟೇ ಅಲ್ಲ, ಮುದ್ದೆಯೂ ಹೌದು, ಊಟವೂ ಹೌದು. ‘ಹಿಟ್ಟು ಉಂಡ್ಯಾ?’ ಎಂದು ಕೇಳಿದರೆ ಊಟವಾಯಿತೇ ಎಂದರ್ಥ. ಹಿಟ್ಟನ್ನು ಉಣ್ಣುತ್ತಾರೆ, ಕಡಲೆಕಾಯಿ, ಹಣ್ಣುಹಂಪಲುಗಳನ್ನು ತಿನ್ನುತ್ತಾರೆ. ಉಣ್ಣುವುದು ಮನೆಗೆ, ಬಂಧುಬಳಗಕ್ಕೆ, ದೇವರ ಪರಕ್ಕೆ ಸೇರಿದ ಕ್ರಿಯೆ. ಹಿಟ್ಟಿನ ಜೊತೆಗೆ ಹುರುಳಿಯ ಬಸ್ಸಾರು, ಉಪ್ಸಾರು, ಮಸ್ಸೊಪ್ಪು, ಚಳಿಗಾಲದಲ್ಲಿ ಹಿತಕಿದ ಅವರೆ, ಹಬ್ಬಹರಿದಿನಗಳಲ್ಲಿ ಬಾಡು ಇವು ಇಲ್ಲಿನ ಊಟದ ಕ್ರಮ.

ಪಯಣ ಹೊರಟವರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ರಾಗಿರೊಟ್ಟಿ ಹಾಗೂ ಹುಚ್ಚೆಳ್ಳಿನ ಚಟ್ನಿಪುಡಿ ಕೆಡದೆ ಉಳಿಯುವಂಥವು. ಬುತ್ತಿ ಹಸಿವಿಗೆ ಮಾತ್ರವಲ್ಲ, ಮೈಲಿಗೆಯ ಭಯಕ್ಕೂ ಉತ್ತರವಾಗಿತ್ತು. ದಾರಿಯಲ್ಲಿ ಯಾರದೋ ಕೈಯಡುಗೆ ಉಣ್ಣಬೇಕಾದ ಪ್ರಸಂಗವನ್ನು ಅದು ತಪ್ಪಿಸುತ್ತಿತ್ತು. ದಾರಿಹೋಕರಿಗೆ ನೀರು ಕೊಡುವ ಅರವಟಿಗೆ, ಅನ್ನ ಕೊಡುವ ಸತ್ರ ಇವು ನಮ್ಮ ಶಾಸನಗಳಲ್ಲಿ ಪದೇ ಪದೇ ಬರುವ ಧರ್ಮಕಾರ್ಯಗಳು. ಅಲ್ಲಿ ಅನ್ನಕ್ಕೆ ಬೆಲೆ ಕಟ್ಟುತ್ತಿರಲಿಲ್ಲ, ಆದರೆ ಪಂಕ್ತಿಭೇದವಿತ್ತು. ಅನ್ನವನ್ನು ಮಾರುವುದು ಹೀನ ಕಾರ್ಯವೆಂಬ ನಂಬಿಕೆ ಬಹುಕಾಲ ಬಲವಾಗಿತ್ತು. ಹೋಟೆಲು ಈ ನಂಬಿಕೆಯನ್ನು ತಲೆಕೆಳಗು ಮಾಡಿತು. ಅದು ಅನ್ನಕ್ಕೆ ಬೆಲೆ ಕಟ್ಟಿತು. ಬೆಲೆ ಕೊಟ್ಟವನ ಕುಲ ಕೇಳುವ ಅಗತ್ಯ ಕ್ರಮೇಣ ಕಡಿಮೆಯಾಯಿತು.

ಕರಾವಳಿಯ ಅಡುಗೆಮನೆ

1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಕಚೇರಿ, ಶಾಲೆ, ಗಿರಣಿಗಳಿಗಾಗಿ ಮನೆ ಬಿಟ್ಟು ಬಂದ ಗಂಡಸರ ಸಂಖ್ಯೆ ಹೆಚ್ಚಿತು. ಇವರ ಹಸಿವಿಗೆ ಒದಗಿದವರಲ್ಲಿ ಉಡುಪಿ, ಕುಂದಾಪುರ ಕಡೆಯ ಅಡುಗೆಯವರು ಪ್ರಮುಖರು. ದೇವಾಲಯದ ಪಾಕಶಾಲೆಯ ಶಿಸ್ತು, ನೂರಾರು ಜನಕ್ಕೆ ಏಕಕಾಲದಲ್ಲಿ ಬೇಯಿಸುವ ಅಭ್ಯಾಸ, ಬಂಧುಗಳಲ್ಲಿ ಒಬ್ಬರ ಹಿಂದೆ ಒಬ್ಬರನ್ನು ಕರೆಸಿಕೊಳ್ಳುವ ರೂಢಿ ಇವು ಅವರ ಬಂಡವಾಳವಾಗಿದ್ದವು. ಪರಂಪಳ್ಳಿಯ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ (ಎಂ.ಟಿ.ಆರ್.) ಎಂದು ಪ್ರಸಿದ್ಧವಾಯಿತು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ ಆರಂಭವಾದವು.

ಎಂ.ಟಿ.ಆರ್.ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬುದು ಗಮನಾರ್ಹ. ಒಳಗೆ ಬೇಯಿಸುವವರು ಯಾರೆಂಬುದನ್ನು ಇಂಥ ಹೆಸರುಗಳು ಹೊರಗೇ ತಿಳಿಸುತ್ತಿದ್ದವು. ಬೇಯಿಸುವವನ ಕುಲ ‘ಮೇಲಿನದು’ ಎಂದಾದರೆ ಉಣ್ಣುವವನ ಮಡಿಗೆ ಭಂಗವಿಲ್ಲವೆಂಬ ಹಳೆಯ ತರ್ಕವೇ ಇಲ್ಲಿ ವ್ಯಾಪಾರಕ್ಕೆ ಸಹಾಯಕವಾಯಿತು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಕೋಣೆಗಳಿದ್ದವು. ಹೋಟೆಲು ಹುಟ್ಟಿದ ದಿನವೇ ಸಮಾನತೆಯ ತಾಣವಾಗಿತ್ತು ಎಂದು ಭಾವಿಸುವುದು ಚರಿತ್ರೆಗೆ ದೂರವಾದ ಮಾತು.

ಈ ಹೋಟೆಲುಗಳು ಹಳ್ಳಿಯಿಂದ ಬಂದವನಿಗೆ ಒಂದು ಹೊಸ ಪದವನ್ನು ಕಲಿಸಿದವು. ಅದು ‘ತಿಂಡಿ’. ಹಳ್ಳಿಯಲ್ಲಿ ಬೆಳಗ್ಗೆ ತಂಗಳು ಮುದ್ದೆಗೆ ಮಜ್ಜಿಗೆ ಬೆರೆಸಿ ಉಂಡು ಹೊಲಕ್ಕೆ ಹೋಗುವುದಿತ್ತು, ಅದೂ ಉಣ್ಣುವುದೇ. ಇಡ್ಲಿ, ದೋಸೆ, ಉಪ್ಪಿಟ್ಟುಗಳು ಉಣ್ಣುವಂಥವಲ್ಲ, ತಿನ್ನುವಂಥವು. ಆದ್ದರಿಂದ ಅವುಗಳಿಗೆ ಊಟದ ಕಟ್ಟಳೆಗಳು ಪೂರ್ತಿಯಾಗಿ ಅನ್ವಯಿಸಲಿಲ್ಲ. ‘ಹೋಟ್ಲಲ್ಲಿ ತಿಂಡಿ ತಿಂದೆ’ ಎಂದರೆ ದೋಷ ಕಡಿಮೆ, ‘ಹೋಟ್ಲಲ್ಲಿ ಉಂಡೆ’ ಎಂದರೆ ಹೆಚ್ಚು. ಹೊರಗಿನ ಅಡುಗೆ ಹಳ್ಳಿಗನ ಬಾಯಿಗೆ ಮೊದಲು ತಲುಪಿದ್ದು ಭಾಷೆಯ ಈ ಸಣ್ಣ ಕಿಂಡಿಯ ಮೂಲಕ ಎಂದು ನನಗನ್ನಿಸುತ್ತದೆ.

ಆದರೆ ಆ ತಟ್ಟೆಯಲ್ಲಿ ರಾಗಿ ಇರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತು ಅಭಾವ ತಲೆದೋರಿದಾಗ ಎಂ.ಟಿ.ಆರ್.ನವರು ರವೆಯಿಂದ ಇಡ್ಲಿ ಮಾಡಿದರೆಂಬುದು ಪ್ರಸಿದ್ಧ ಸಂಗತಿ. ರವೆ ಇಡ್ಲಿ ಆ ಕಷ್ಟಕಾಲದ ಜಾಣ್ಮೆಯ ಫಲ, ಅದರಲ್ಲಿ ಸಂದೇಹವಿಲ್ಲ. ಆದರೂ ಅಕ್ಕಿಯ ಸ್ಥಾನಕ್ಕೆ ಗೋಧಿ ಬಂದಿತೇ ಹೊರತು, ನಗರದ ಅಂಚಿನಲ್ಲಿಯೇ ಬೆಳೆಯುತ್ತಿದ್ದ ರಾಗಿ ಬರಲಿಲ್ಲ ಎಂಬುದನ್ನೂ ನಾವು ಗಮನಿಸಬೇಕು. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಗೂ ರಾಗಿಗೂ ವಾದ ನಡೆದು, ಆರು ತಿಂಗಳ ಸೆರೆವಾಸದ ನಂತರವೂ ಕೆಡದೆ ಉಳಿದ ರಾಗಿಯ ಪರವಾಗಿ ತೀರ್ಪಾಗುತ್ತದೆ. ನಗರದ ಹೋಟೆಲಿನಲ್ಲಿ ಆ ತೀರ್ಪು ಬಹುಕಾಲ ಜಾರಿಗೆ ಬರಲಿಲ್ಲ.

ಮಿಲಿಟರಿ ಹೋಟೆಲು

ರಾಗಿಗೆ ನಗರದಲ್ಲಿ ಎಲೆ ಹಾಕಿದ್ದು ಮಿಲಿಟರಿ ಹೋಟೆಲು. ಬೆಂಗಳೂರು, ಮೈಸೂರು ಕಡೆ ಮಾಂಸಾಹಾರದ ಊಟದ ಮನೆಗೆ ಈ ಹೆಸರಿದೆ. ಹೆಸರಿನ ಮೂಲದ ಬಗ್ಗೆ ಜನರಲ್ಲಿ ಎರಡು ವಿವರಣೆಗಳು ಪ್ರಚಾರದಲ್ಲಿವೆ. 1809ರಲ್ಲಿ ನೆಲೆಗೊಂಡ ದಂಡಿನ ಸಿಪಾಯಿಗಳಿಂದ ಬಂದಿತೆಂಬುದು ಒಂದು. ಮರಾಠ ಯೋಧರ ಮನೆತನಗಳಿಂದ ಬಂದಿತೆಂಬುದು ಇನ್ನೊಂದು. ಬೆಂಗಳೂರಿನ ಹಳೆಯ ಮಿಲಿಟರಿ ಹೋಟೆಲುಗಳಲ್ಲಿ ಹಲವನ್ನು ಮರಾಠಿ ಮಾತಾಡುವ ಮನೆತನದವರು ನಡೆಸಿದರೆಂಬುದು ಎರಡನೆಯ ವಿವರಣೆಗೆ ಪೋಷಕವಾಗಿದೆ. ಬಳೇಪೇಟೆ, ಕಾಟನ್‌ಪೇಟೆಗಳ ಆಸುಪಾಸಿನಲ್ಲಿ ಇಂಥ ಹೋಟೆಲುಗಳು ಕಳೆದ ಶತಮಾನದ ಆದಿಯಿಂದಲೂ ಇದ್ದವು. ಸಸ್ಯಾಹಾರಿ ಹೋಟೆಲು ತನ್ನ ಮಡಿಯನ್ನು ಹೆಸರಿನಲ್ಲಿ ಸಾರಿದಂತೆ, ಮಡಿಯ ಲೆಕ್ಕ ಇಲ್ಲಿಲ್ಲವೆಂಬುದನ್ನು ‘ಮಿಲಿಟರಿ’ ಎಂಬ ಪದ ಸಾರಿತು.

ಮುದ್ದೆ, ಬಾಡಿನ ಸಾರು, ಕೈಮ ಉಂಡೆ, ಬೋಟಿ, ಕಾಲು ಸೂಪು, ದೊನ್ನೆ ಬಿರಿಯಾನಿ ಇವು ಇಲ್ಲಿನ ಸಾಮಾನ್ಯ ಪಟ್ಟಿ. ಎಲೆಯಿಂದ ಕಟ್ಟಿದ ದೊನ್ನೆ ದೇವಸ್ಥಾನದ ಪ್ರಸಾದಕ್ಕೂ ಬೇಕು, ಮಿಲಿಟರಿ ಹೋಟೆಲಿನ ಬಿರಿಯಾನಿಗೂ ಬೇಕು. ಪಟ್ಟಿಯ ಹೆಚ್ಚಿನ ಭಾಗ ಹಳ್ಳಿಯ ಬಾಡೂಟದಿಂದ ಬಂದದ್ದು. ವ್ಯತ್ಯಾಸವೆಂದರೆ, ಹಳ್ಳಿಯಲ್ಲಿ ಬಾಡು ನಿತ್ಯದ ಊಟವಾಗಿರಲಿಲ್ಲ. ಹಬ್ಬ, ಹರಕೆ, ಪರ, ತಿಥಿ ಹೀಗೆ ಸಂದರ್ಭವೊಂದು ಬೇಕಿತ್ತು. ಮಿಲಿಟರಿ ಹೋಟೆಲು ಬಾಡನ್ನು ದೇವರಿಂದಲೂ ಪಂಚಾಂಗದಿಂದಲೂ ಬಿಡಿಸಿ ದಿನದ ಊಟವನ್ನಾಗಿಸಿತು.

ಮೈಸೂರು ಸಂಸ್ಥಾನದ ಸರ್ಕಾರಿ ಬಸ್ ಸಂಚಾರ 1948ರಲ್ಲಿ ಆರಂಭವಾದ ಮೇಲೆ, ಹಾಗೂ ಎಚ್.ಎ.ಎಲ್. (1940), ಐ.ಟಿ.ಐ. (1948), ಎಚ್.ಎಂ.ಟಿ. (1953) ಮೊದಲಾದ ಕಾರ್ಖಾನೆಗಳು ಬಂದ ಮೇಲೆ ಹಳ್ಳಿಗೂ ನಗರಕ್ಕೂ ಓಡಾಟ ಹೆಚ್ಚಿತು. ಕೋರ್ಟು, ಆಸ್ಪತ್ರೆ, ಮಾರುಕಟ್ಟೆಗಳ ಕೆಲಸಕ್ಕೆ ಬಂದವರು ಮಧ್ಯಾಹ್ನ ಹಿಟ್ಟು ಸಿಗುವ ಕಡೆಯನ್ನು ಹುಡುಕಿದರು. ರೇಷ್ಮೆಗೂಡು ಮಾರಿ ಕೈಗೆ ಕಾಸು ಬಂದ ದಿನ ಹೋಟೆಲಿನಲ್ಲಿ ಬಾಡೂಟ ಮಾಡುವುದು ಈ ಸೀಮೆಯ ಬೆಳೆಗಾರರಲ್ಲಿ ಒಂದು ರೂಢಿಯಾಗಿ ಬೆಳೆದಿದೆ. ಅಂದು ಮನೆಯ ಮಕ್ಕಳಿಗಾಗಿ ಪೊಟ್ಟಣ ಕಟ್ಟಿಸಿ ತರುವುದೂ ಉಂಟು. ಹೋಗುವಾಗ ಮನೆಯಿಂದ ಒಯ್ಯುತ್ತಿದ್ದ ಬುತ್ತಿ, ಬರುವಾಗ ನಗರದಿಂದ ತರುವ ಪೊಟ್ಟಣವಾಗಿ ಬದಲಾಯಿತು.

ಪಂಕ್ತಿಯಿಂದ ಬೆಂಚಿಗೆ

ಈವರೆಗೆ ನೋಡಿದ ಎರಡು ಬಗೆಯ ಹೋಟೆಲುಗಳಲ್ಲದೆ, ದಂಡಿನ ಪ್ರದೇಶದಲ್ಲಿ ಬೇರೊಂದು ಬಗೆಯೂ ಇತ್ತು. ಪೇಟೆ ಮತ್ತು ದಂಡು ಒಂದೇ ನಗರಸಭೆಯ ಕೆಳಗೆ ಬಂದದ್ದು 1949ರಲ್ಲಿ. ಅಲ್ಲಿನ ಬೇಕರಿಗಳು, ಶಿವಾಜಿನಗರದ ಬಿರಿಯಾನಿ ಮನೆಗಳು, ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, 1957ರಲ್ಲಿ ಕಾರ್ಮಿಕರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡ ಇಂಡಿಯಾ ಕಾಫಿ ಹೌಸ್ ಇವೆಲ್ಲ ಬೇರೆ ಲೋಕಗಳು. ಕಾಫಿ ಹೌಸ್ 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಹಳ್ಳಿಗನಿಗೆ ಈ ಲೋಕದಲ್ಲಿ ಕುಲಕ್ಕಿಂತ ಭಾಷೆ ಮತ್ತು ಉಡುಪಿನ ಅಳುಕೇ ದೊಡ್ಡದಾಗಿತ್ತು.

ಕುಲದ ಕಟ್ಟಳೆಗೆ ಕಾನೂನಿನ ಉತ್ತರ ದೊರೆತದ್ದು 1950ರಲ್ಲಿ. ಸಂವಿಧಾನದ 15ನೆಯ ಅನುಚ್ಛೇದ ಅಂಗಡಿ, ಸಾರ್ವಜನಿಕ ಭೋಜನಗೃಹ, ಹೋಟೆಲುಗಳ ಪ್ರವೇಶವನ್ನು ಜಾತಿಯ ಕಾರಣದಿಂದ ತಡೆಯಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ನಿಷೇಧಿಸಿತು. 1955ರ ಅಧಿನಿಯಮ ಅದಕ್ಕೆ ಶಿಕ್ಷೆ ವಿಧಿಸಿತು. ಭಾರತದ ಸಂವಿಧಾನ ಬಾವಿ, ಕೆರೆಗಳ ಜೊತೆಗೆ ಹೋಟೆಲನ್ನೂ ಹೆಸರಿಸಿ ಹೇಳಬೇಕಾಯಿತು ಎಂಬುದೇ ಹೋಟೆಲಿನ ಬಾಗಿಲು ಎಷ್ಟು ಮಹತ್ವದ್ದಾಗಿತ್ತೆಂಬುದಕ್ಕೆ ಸಾಕ್ಷಿ.

ನಗರದಲ್ಲಿ ಜನದಟ್ಟಣೆಯೇ ಈ ಕಾನೂನಿಗೆ ನೆರವಾಯಿತು. ಖಾಲಿಯಾದ ಕುರ್ಚಿಯಲ್ಲಿ ಮುಂದೆ ನಿಂತವನು ಕೂರಬೇಕು. ಅವನಾರೆಂದು ಕೇಳುವ ಪುರಸೊತ್ತು ಯಾರಿಗೂ ಇಲ್ಲ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ ‘ಬೈಟು’ ಬೆಂಗಳೂರಿನ ನಿತ್ಯದ ಮಾತಾಯಿತು. ಹಳ್ಳಿಯ ಸ್ಥಿತಿ ಭಿನ್ನವಾಗಿತ್ತು. ಅಲ್ಲಿ ಹೋಟೆಲಿಗೆ ಬರುವವರೆಲ್ಲ ಪರಿಚಿತರು. ಹೆಸರಿನ ಜೊತೆಗೆ ಕೇರಿಯೂ ಗೊತ್ತು. ರಾಜ್ಯದ ಅನೇಕ ಗ್ರಾಮಗಳ ಚಹಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುವ ಪದ್ಧತಿ ಕಾನೂನು ಬಂದ ದಶಕಗಳ ನಂತರವೂ ವರದಿಯಾಗಿದೆ. ಬೆಂಗಳೂರಿನಲ್ಲಿ ಒಂದೇ ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತು ದೋಸೆ ತಿಂದ ಇಬ್ಬರು, ಸಂಜೆಯ ಬಸ್ಸಿನಲ್ಲಿ ಊರಿಗೆ ಮರಳಿದ ಮೇಲೆ ಒಂದೇ ಬೆಂಚಿನಲ್ಲಿ ಚಹಾ ಕುಡಿಯಲಾಗದ ಸ್ಥಿತಿ ಇತ್ತು. ನಗರ ಕೊಟ್ಟ ಸಮಾನತೆಗೆ ಅಪರಿಚಿತತೆಯೇ ಆಧಾರವಾಗಿತ್ತು; ಪರಿಚಯವಿದ್ದೆಡೆ ಅದು ನಿಲ್ಲಲಿಲ್ಲ.

ದರ್ಶಿನಿ ಮತ್ತು ರಾಗಿಯ ಮರುಪ್ರವೇಶ

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭವಾಗಿ, ನಿಂತು ತಿನ್ನುವ ಹೋಟೆಲುಗಳಿಗೆ ‘ದರ್ಶಿನಿ’ ಎಂಬ ಜಾತಿವಾಚಕವನ್ನೇ ಕೊಟ್ಟಿತು. ಇಲ್ಲಿ ಮಾಣಿ ಇಲ್ಲ, ಎಲೆ ಇಲ್ಲ, ಪಂಕ್ತಿಯಂತೂ ಇಲ್ಲವೇ ಇಲ್ಲ. ಅಡುಗೆಮನೆ ಗಿರಾಕಿಯ ಕಣ್ಣೆದುರಿಗೇ ಬಂದಿತು. 2017ರ ಆಗಸ್ಟಿನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನುಗಳು 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಕೊಟ್ಟವು. ಇದನ್ನು ಸತ್ರ ಮತ್ತು ಹೋಟೆಲುಗಳ ನಡುವಿನ ಹೊಸ ರೂಪವೆನ್ನಬಹುದು: ಬೆಲೆಯುಂಟು, ಆದರೆ ಲಾಭದ ಲೆಕ್ಕವಿಲ್ಲ.

ಇದೇ ಅವಧಿಯಲ್ಲಿ ರಾಗಿಗೂ ಮನ್ನಣೆ ಬಂದಿತು. ಮಧುಮೇಹದ ಭಯ, ವೈದ್ಯರ ಸಲಹೆ, ಹಳ್ಳಿಯ ಹಂಬಲ ಇವು ಕಾರಣಗಳು. ರಾಗಿದೋಸೆ, ರಾಗಿರೊಟ್ಟಿಗಳು ಸಸ್ಯಾಹಾರಿ ಹೋಟೆಲಿನ ಫಲಕವೇರಿದವು. ‘ಹಳ್ಳಿ’, ‘ಮನೆ’, ‘ಗೌಡ್ರ’ ಎಂಬ ಪದಗಳುಳ್ಳ ಹೋಟೆಲುಗಳು ಬಡಾವಣೆ ಬಡಾವಣೆಯಲ್ಲೂ ಕಾಣತೊಡಗಿದವು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಸ್ಥಾಪಿಸಿದ ಜಾನಪದ ಲೋಕದ ಮಗ್ಗುಲಲ್ಲೇ ನಾಡಿನ ಊಟ ಬಡಿಸುವ ಹೋಟೆಲೊಂದು ತಲೆಯೆತ್ತಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಅದೇ ವರ್ಷದ ಮಾರ್ಚಿಯಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ದಶಪಥ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯನ್ನೂ ರಾಮನಗರ, ಚನ್ನಪಟ್ಟಣಗಳನ್ನೂ ಬಳಸಿ ಸಾಗಿದ್ದರಿಂದ ಹಳೆಯ ರಸ್ತೆಬದಿಯ ಹೋಟೆಲುಗಳಿಗೆ ಗಿರಾಕಿಗಳು ಕಡಿಮೆಯಾದರು. ಹೀಗೆ ಒಂದು ಕಡೆ ಧಾನ್ಯಕ್ಕೆ ಗೌರವ, ಇನ್ನೊಂದು ಕಡೆ ಅದನ್ನು ಬೆಳೆಯುವ ನೆಲದ ಹೋಟೆಲಿಗೆ ನಷ್ಟ, ಎರಡೂ ಏಕಕಾಲದಲ್ಲಿ ಸಂಭವಿಸಿದವು.

ಸಮಾರೋಪ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಬೆಂಗಳೂರಿನ ಸಸ್ಯಾಹಾರಿ ಹೋಟೆಲು ಹಳ್ಳಿಯ ಮನುಷ್ಯನನ್ನು ಮೊದಲು ಒಳಗೆ ಬಿಟ್ಟುಕೊಂಡಿತು, ಅವನ ಧಾನ್ಯವನ್ನು ಬಹಳ ತಡವಾಗಿ ಬಿಟ್ಟುಕೊಂಡಿತು. ಈ ನಡುವಿನ ದೀರ್ಘ ಕಾಲದಲ್ಲಿ ಹಿಟ್ಟಿನ ಮಾನವನ್ನು ಕಾಯ್ದದ್ದು ಮಿಲಿಟರಿ ಹೋಟೆಲು. ಎರಡನೆಯದು, ಧಾನ್ಯದ ವಾದ ಈಗ ಬಹುಮಟ್ಟಿಗೆ ತೀರ್ಮಾನವಾಗಿದೆ. ಲೋಟದ ವಾದ ಎಲ್ಲೆಡೆಯೂ ತೀರ್ಮಾನವಾಗಿದೆಯೆಂದು ಹೇಳುವಂತಿಲ್ಲ. ರಾಗಿಯ ಮೇಲಿನ ಇಂದಿನ ಅಭಿಮಾನ ಈ ಎರಡನೆಯ ಸತ್ಯವನ್ನು ಮರೆಸಬಾರದು.

ಜಾನಪದ ಸಂಶೋಧಕರ ಮುಂದೆ ಇಲ್ಲಿ ತುರ್ತಿನ ಕೆಲಸವಿದೆ. ಬೀಸುವ ಪದಗಳನ್ನು ನಾವು ಸಂಗ್ರಹಿಸಿದೆವು. ದಿನಕ್ಕೆ ನೂರಾರು ಮುದ್ದೆ ಕಟ್ಟುವ ಹೋಟೆಲಿನ ಅಡುಗೆಯವನ ಅನುಭವವನ್ನು ಅಷ್ಟು ಶ್ರದ್ಧೆಯಿಂದ ಕೇಳಲಿಲ್ಲ. ಕವೆಗೋಲು, ಹಿಟ್ಟಿನ ಕೋಲುಗಳು ವಸ್ತುಸಂಗ್ರಹಾಲಯ ಸೇರಿದವು. ಹಳೆಯ ಹೋಟೆಲುಗಳ ದರಫಲಕ, ಲೆಕ್ಕದ ಪುಸ್ತಕ, ಮಾಣಿಗಳ ಕೂಗುನುಡಿಗಳು ದಾಖಲಾಗಲಿಲ್ಲ. ದೊಡ್ಡಆಲಹಳ್ಳಿಯಂಥ ಊರುಗಳಲ್ಲಿ ಬೆಂಗಳೂರಿನ ಹೋಟೆಲಿನಲ್ಲಿ ಮೊದಲ ಸಲ ಕುಳಿತ ದಿನವನ್ನು ನೆನೆಯಬಲ್ಲ ಹಿರಿಯರ ತಲೆಮಾರು ಕರಗುತ್ತಿದೆ. ಅಂದು ಅವರು ಎಲ್ಲಿ ಕುಳಿತರು, ಪಕ್ಕದಲ್ಲಿ ಯಾರಿದ್ದರು, ಮನೆಗೆ ಬಂದು ಅದನ್ನು ಹೇಳಿದರೋ ಮುಚ್ಚಿಟ್ಟರೋ ಎಂಬುದನ್ನು ಅವರಿರುವಾಗಲೇ ಕೇಳಿ ಬರೆದುಕೊಳ್ಳಬೇಕಾಗಿದೆ.