ಕರಗಿಹೋದ ದಾರ, ಕರಗದ ಕಾರ್ಪೆಟ್

ಈ ಸಂಚಿಕೆಯಲ್ಲಿ ಒಂದು ದಾರದ ಕಥೆ ಹೇಳ್ತೀನಿ.

ಮದುವೆ ಹಾಲ್‌ನಲ್ಲಿ, ಹೋಟೆಲ್ ಕಾರಿಡಾರ್‌ನಲ್ಲಿ ಕಾಲಿಗೆ ಮೆತ್ತಗೆ ಸಿಗುತ್ತಲ್ಲ ಕಾರ್ಪೆಟ್, ಅದು ಉಣ್ಣೆಯದಲ್ಲದಿದ್ದರೆ ಬಹುತೇಕ ನೈಲಾನ್, ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ನೂಲಿನದಾಗಿರುತ್ತದೆ. ಮೂರರಲ್ಲಿ ಪಾಲಿಯೆಸ್ಟರ್ ಕಥೆ ಸ್ವಲ್ಪ ವಿಚಿತ್ರ. ಅದನ್ನು ಮೊದಲು ಎಳೆದವರೇ ಅದನ್ನು ಪಕ್ಕಕ್ಕಿಟ್ಟಿದ್ದರು. ಯಾಕೆ ಅಂದ್ರೆ, ಬಿಸಿಗೆ ಬೇಗ ಕರಗಿಹೋಗ್ತಿತ್ತು. ಇವತ್ತಿನ ತಲೆನೋವು ಪೂರ್ತಿ ಉಲ್ಟಾ: ಅದು ಮಣ್ಣಲ್ಲಿ ಹೂತರೂ ಕರಗಲ್ಲ.

ಮೊದಲು ಅಮೆರಿಕಕ್ಕೆ ಹೋಗೋಣ. 1928ರಲ್ಲಿ ಡ್ಯುಪಾಂಟ್ ಕಂಪನಿ ವ್ಯಾಲೇಸ್ ಕರೋದರ್ಸ್ ಎಂಬ ಯುವ ರಸಾಯನಶಾಸ್ತ್ರಜ್ಞನನ್ನು ಹಾರ್ವರ್ಡ್‌ನಿಂದ ಕರೆಸಿಕೊಂಡಿತು. ಚಿಕ್ಕ ಅಣುಗಳನ್ನು ಸರಪಳಿಯಂತೆ ಜೋಡಿಸುತ್ತಾ ಹೋದರೆ ಏನಾಗುತ್ತೆ ಅನ್ನೋದು ಅವರ ಪ್ರಶ್ನೆ. 1930ರಲ್ಲಿ ಅವರ ತಂಡದ ಜೂಲಿಯನ್ ಹಿಲ್, ಕರಗಿದ ಪಾಲಿಯೆಸ್ಟರ್‌ಗೆ ಕಡ್ಡಿ ಅದ್ದಿ ಎತ್ತಿದಾಗ ಜೇನಿನಂತೆ ಎಳೆ ಬಂತು. ತಣ್ಣಗಾದ ಮೇಲೆ ಅದನ್ನೇ ಇನ್ನಷ್ಟು ಎಳೆದರೆ ತುಂಡಾಗೋ ಬದಲು ಗಟ್ಟಿಯಾಗ್ತಿತ್ತು. ಎಳೆದಾಗ ಒಳಗಿನ ಅಡ್ಡಾದಿಡ್ಡಿ ಸರಪಳಿಗಳು ಸಾಲಾಗಿ ನಿಲ್ಲುತ್ತವೆ, ಅದೇ ಗುಟ್ಟು.

ಆದರೆ ಬಟ್ಟೆ ಅಂದ್ಮೇಲೆ ಒಗೀಬೇಕು, ಇಸ್ತ್ರಿ ಹಾಕಬೇಕು. ಈ ದಾರ ಅದಕ್ಕೆ ತಡೀತಿರಲಿಲ್ಲ. ಹಾಗಾಗಿ ಕರೋದರ್ಸ್ ಬೇರೆ ದಾರಿ ಹಿಡಿದರು. 1935ರಲ್ಲಿ ನೈಲಾನ್ ಹುಟ್ಟಿತು. ವರ್ಷಗಳಿಂದ ಖಿನ್ನತೆಯಿಂದ ನರಳುತ್ತಿದ್ದ ಅವರು 1937ರಲ್ಲಿ, 41ನೇ ವಯಸ್ಸಿಗೇ ಬದುಕು ಕೊನೆಗೊಳಿಸಿಕೊಂಡರು. ನೈಲಾನ್ ಮಾರುಕಟ್ಟೆಗೆ ಬಂದಿದ್ದನ್ನೂ ಅವರು ನೋಡಲಿಲ್ಲ, ತಾವು ಬಿಟ್ಟ ಪಾಲಿಯೆಸ್ಟರ್ ಮತ್ತೆ ಎದ್ದಿದ್ದನ್ನೂ ನೋಡಲಿಲ್ಲ.

ಅದನ್ನು ಎಬ್ಬಿಸಿದವರು ಇಂಗ್ಲೆಂಡಿನವರು. ಬಟ್ಟೆಗೆ ಅಚ್ಚು ಹಾಕುವ ಕ್ಯಾಲಿಕೋ ಪ್ರಿಂಟರ್ಸ್ ಅಸೋಸಿಯೇಷನ್ ಎಂಬ ಕಂಪನಿಯ ರೆಕ್ಸ್ ವಿನ್‌ಫೀಲ್ಡ್ ಮತ್ತು ಜೇಮ್ಸ್ ಡಿಕ್ಸನ್ ಸರಪಳಿಯ ಒಂದು ಕೊಂಡಿ ಬದಲಿಸಿದರು. ಬಳುಕುವ ಆಮ್ಲದ ಜಾಗಕ್ಕೆ, ಬೆಂಜೀನ್ ಉಂಗುರ ಇರುವ ಟೆರೆಫ್ತಾಲಿಕ್ ಆಮ್ಲ ಹಾಕಿದರು. ಸರಪಳಿಗೆ ಬೆನ್ನುಮೂಳೆ ಬಂದಂತಾಯ್ತು. ಈಗ ಅದು ಕರಗೋಕೆ ಸುಮಾರು 260 ಡಿಗ್ರಿ ಸೆಲ್ಸಿಯಸ್ ಬೇಕು! 1941ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. ಎರಡನೇ ಮಹಾಯುದ್ಧದ ಕಾಲ, ಹಾಗಾಗಿ ವಿಷಯ ಗುಟ್ಟಾಗೇ ಉಳೀತು. ಯುದ್ಧ ಮುಗಿದ ಮೇಲೆ ಐಸಿಐ ಕಂಪನಿ ಇದನ್ನು ‘ಟೆರಿಲೀನ್’ ಅಂತ ಮಾರಿತು, ಅಮೆರಿಕದಲ್ಲಿ ಡ್ಯುಪಾಂಟ್ ‘ಡೇಕ್ರಾನ್’ ಅಂತ. ನಿಮ್ಮ ತಾತನನ್ನ ಕೇಳಿ, ಟೆರಿಲಿನ್ ಶರ್ಟಿನ ಗತ್ತು ಹೇಳ್ತಾರೆ.

ಶರ್ಟು ಸರಿ, ಕಾರ್ಪೆಟ್ಟಿಗೆ ಹೇಗೆ ಬಂತು? ಅದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಡಾಲ್ಟನ್ ಊರಿಗೆ ಹೋಗಬೇಕು. 1895ರಲ್ಲಿ ಅಲ್ಲಿಯ ಕ್ಯಾಥರಿನ್ ಇವಾನ್ಸ್ ಎಂಬ ಹದಿಹರೆಯದ ಹುಡುಗಿ, ಬಟ್ಟೆಗೆ ದಪ್ಪ ಹತ್ತಿ ದಾರ ಪೋಣಿಸಿ, ತುದಿ ಕತ್ತರಿಸಿ, ಕುಚ್ಚು ಕುಚ್ಚಾದ ಮಂಚದ ಹೊದಿಕೆ ಮಾಡಿದಳು. ಬಿಸಿನೀರಲ್ಲಿ ತೊಳೆದರೆ ಬಟ್ಟೆ ಕುಗ್ಗಿ ಕುಚ್ಚುಗಳನ್ನು ಬಿಗಿಯಾಗಿ ಹಿಡಿದುಕೊಳ್ತಿತ್ತು. ಒಂದನ್ನು ಎರಡೂವರೆ ಡಾಲರ್‌ಗೆ ಮಾರಿದಳು. ಅಲ್ಲಿಂದ ಸುತ್ತಲಿನ ಮನೆಮನೆಯ ಹೆಂಗಸರಿಗೂ ಆ ಕೆಲಸ ಹಬ್ಬಿತು. ಆಮೇಲೆ ಸೂಜಿಯ ಕೆಲಸವನ್ನು ಯಂತ್ರ ಕಲಿಯಿತು, ಯಂತ್ರ ಅಗಲವಾಯಿತು, ಹೊದಿಕೆ ಹೋಗಿ ಕಾರ್ಪೆಟ್ ಆಯಿತು. ಆದರೆ ಹತ್ತಿ ಕಾಲಡಿ ಬೇಗ ಚಪ್ಪಟೆಯಾಗುತ್ತೆ. 1950ರ ದಶಕದಲ್ಲಿ ನೈಲಾನ್, 60ರ ದಶಕದಲ್ಲಿ ಪಾಲಿಯೆಸ್ಟರ್ ಆ ಜಾಗಕ್ಕೆ ಬಂದವು.

ಈಗ ನೂಲು ಹೇಗಾಗುತ್ತೆ ನೋಡೋಣ. ಅಕ್ಕಿಕಾಳಿನಂಥ ಪಾಲಿಯೆಸ್ಟರ್ ಚಿಪ್ಸ್ ತಗೊಂಡು ಮೊದಲು ಚೆನ್ನಾಗಿ ಒಣಗಿಸಬೇಕು. ಸ್ವಲ್ಪ ತೇವ ಉಳಿದರೂ ಬಿಸಿಯಲ್ಲಿ ಸರಪಳಿ ತುಂಡಾಗಿ ದಾರ ಬಡವಾಗುತ್ತೆ. ಆಮೇಲೆ ಕರಗಿಸಿ, ಶಾವಿಗೆ ಒರಳಲ್ಲಿ ಒತ್ತಿದ ಹಾಗೆ ಸಣ್ಣ ಸಣ್ಣ ತೂತುಗಳಿಂದ ಒತ್ತುತ್ತಾರೆ. ಬಂದ ಎಳೆಗಳನ್ನು ಗಾಳಿಯಲ್ಲಿ ತಣಿಸಿ, ಬಿಸಿ ರೋಲರ್‌ಗಳ ಮೇಲೆ ಎಳೀತಾರೆ. ಹಿಲ್ ಕೈಯಲ್ಲಿ ಮಾಡಿದ್ದೂ ಈ ಎಳೆಯೋ ಕೆಲಸವನ್ನೇ. ನಂತರ ಬಿಸಿಗಾಳಿ ಅಥವಾ ಹಬೆ ಹಾಯಿಸಿ ಗುಂಗುರು ಮಾಡ್ತಾರೆ. ಇಲ್ಲದಿದ್ರೆ ಕಾರ್ಪೆಟ್ ಉಬ್ಬಲ್ಲ. ಕೊನೆಗೆ ಎರಡೆಳೆ ಹುರಿ ಹಾಕಿ, ಹುರಿ ಬಿಚ್ಚದಂತೆ ಮತ್ತೆ ಬಿಸಿ ಕೊಡ್ತಾರೆ.

ಈ ನೂಲು ನೀರು ಹೀರೋದು ತೀರಾ ಕಮ್ಮಿ. ಅದಕ್ಕೇ ಕಾಫಿ ಚೆಲ್ಲಿದರೂ ಕಲೆ ಅಷ್ಟು ಸುಲಭಕ್ಕೆ ಹಿಡಿಯಲ್ಲ. ಒಂದು ಕೊರತೆ, ನೈಲಾನ್‌ನಷ್ಟು ಚುರುಕಾಗಿ ಪುಟಿದೇಳಲ್ಲ. ಜನ ಹೆಚ್ಚು ಓಡಾಡೋ ಕಡೆ ಬೇಗ ಮಲಗಿಬಿಡುತ್ತೆ.

ಈಗ ಕಥೆಯ ತಿರುವು. 1973ರಲ್ಲಿ ಡ್ಯುಪಾಂಟ್‌ನ ನಥಾನಿಯಲ್ ವೈತ್ ಇದೇ ಪಾಲಿಯೆಸ್ಟರ್‌ನಿಂದ ಬಾಟಲಿ ಮಾಡಿ ಪೇಟೆಂಟ್ ಪಡೆದರು. ಹೌದು, ನಿಮ್ಮ ಕೈಯಲ್ಲಿರೋ ನೀರಿನ ಬಾಟಲಿ ಮತ್ತು ಆ ಟೆರಿಲಿನ್ ಶರ್ಟು ಒಂದೇ ವಸ್ತು, ಹೆಸರು ಪೆಟ್. ಬಾಟಲಿ ಚೂರು ಮಾಡಿ, ತೊಳೆದು, ಕರಗಿಸಿದರೆ ಮತ್ತೆ ಕಾರ್ಪೆಟ್ ನೂಲು. ತೊಳೆಯುವಾಗ ಮುಚ್ಚಳದ ಚೂರು ನೀರಲ್ಲಿ ತೇಲುತ್ತೆ, ಪೆಟ್ ಮುಳುಗುತ್ತೆ; ಬೇರ್ಪಡಿಸೋದು ಅಷ್ಟು ಸಲೀಸು. ಅದಕ್ಕೂ ಮೊದಲು ಯಾರೋ ಆ ಬಾಟಲಿ ಆರಿಸಿರಬೇಕು. ನಮ್ಮಲ್ಲಿ ಆ ಕೆಲಸ ಬಹುಪಾಲು ಮಾಡೋರು ಚಿಂದಿ ಆಯುವವರು, ಗುಜರಿಯವರು, ಬೆಂಗಳೂರಿನಲ್ಲಾದರೆ ಒಣ ಕಸ ಸಂಗ್ರಹ ಕೇಂದ್ರದವರು. ಯಾವ ಕಾರ್ಪೆಟ್ಟಿನ ಲೇಬಲ್ ಮೇಲೂ ಅವರ ಹೆಸರು ನಾನು ನೋಡಿಲ್ಲ.

ಹಾಗಾದ್ರೆ ಸಮಸ್ಯೆ ಬಗೆಹರೀತಾ? ನನಗೆ ಹಾಗನ್ನಿಸಲ್ಲ. ಬಾಟಲಿ ಒಂದೇ ವಸ್ತು. ಕಾರ್ಪೆಟ್ ಹಾಗಲ್ಲ: ಮೇಲೆ ಪಾಲಿಯೆಸ್ಟರ್, ಕೆಳಗೆ ಬೇರೆ ಪ್ಲಾಸ್ಟಿಕ್ಕಿನ ಬಟ್ಟೆ, ಎರಡನ್ನೂ ಅಂಟಿಸೋಕೆ ಲ್ಯಾಟೆಕ್ಸ್, ಅದಕ್ಕೆ ಸುಣ್ಣಕಲ್ಲಿನ ಪುಡಿ. ಬಿಡಿಸೋದು ಕಷ್ಟ, ಬಿಡಿಸೋ ಖರ್ಚು ಹೆಚ್ಚು. ಹಾಗಾಗಿ ಬಾಟಲಿ ಕಾರ್ಪೆಟ್ ಆಗುತ್ತೆ, ಕಾರ್ಪೆಟ್ ಬಹಳ ಸಲ ಕಸದ ಗುಡ್ಡ ಸೇರುತ್ತೆ. ಕ್ಯಾಲಿಫೋರ್ನಿಯಾ 2010ರಲ್ಲೇ ಹಳೆ ಕಾರ್ಪೆಟ್ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸುವ ಕಾನೂನು ತಂದಿದ್ದು ಇದಕ್ಕೇ.

ವಿನ್‌ಫೀಲ್ಡ್ ಮತ್ತು ಡಿಕ್ಸನ್ ಕೇಳಿಕೊಂಡ ಪ್ರಶ್ನೆ, ಕರಗದ ದಾರ ಹೇಗೆ ಮಾಡೋದು ಅಂತ. ಈಗಿನ ಪ್ರಶ್ನೆ, ಬಿಚ್ಚೋಕೆ ಬರೋ ಕಾರ್ಪೆಟ್ ಹೇಗೆ ಮಾಡೋದು ಅಂತ. ಕೇಳ್ತಿರೋರಲ್ಲಿ ಕೆಮಿಸ್ಟ್ರಿ, ಟೆಕ್ಸ್‌ಟೈಲ್ ಓದೋರಿದ್ದರೆ, ಇದು ನಿಮ್ಮ ಪಾಲಿನ ಕೆಲಸ. ಉಳಿದವರು ಬಾಟಲಿಯನ್ನ ಹಸಿ ಕಸದ ಜೊತೆ ಸೇರಿಸಬೇಡಿ, ಅಷ್ಟು ಸಾಕು.