ಕಂಡ ಗೆಲಾಕ್ಸಿಗಳು, ಕಾಣದ ಗೆಲಾಕ್ಸಿಗಳು

ಆಕಾಶದಲ್ಲಿರುವ ಗೆಲಾಕ್ಸಿಗಳನ್ನೆಲ್ಲ ಎಣಿಸುವುದು ಯಾರಿಂದಲೂ ಆಗದ ಕೆಲಸ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವಂತೆ, ಖಗೋಳ ವಿಜ್ಞಾನಿಗಳು ಕೆಲವನ್ನು ಆರಿಸಿ ಉಳಿದವುಗಳ ಬಗ್ಗೆ ತೀರ್ಮಾನಕ್ಕೆ ಬರುತ್ತಾರೆ. ಆದರೆ ಆ ಅಗುಳು ಇಡೀ ಪಾತ್ರೆಯನ್ನು ಪ್ರತಿನಿಧಿಸುತ್ತದೆಯೇ? ಈ ಪ್ರಶ್ನೆ ಅವರನ್ನು ದಶಕಗಳಿಂದ ಕಾಡಿದೆ.

1932ರಲ್ಲಿ ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದ ಹಾರ್ಲೋ ಶೇಪ್ಲಿ ಮತ್ತು ಅಡಿಲೇಡ್ ಏಮ್ಸ್ 1,249 ಉಜ್ವಲ ಗೆಲಾಕ್ಸಿಗಳ ಪಟ್ಟಿ ಪ್ರಕಟಿಸಿದರು. ಸುಮಾರು 13ರ ಕಾಂತಿಮಾನದವರೆಗಿನವನ್ನು ಆರಿಸುವುದು ಅವರ ನಿಯಮ. ನಿಯಮ ಸರಳ, ತೊಡಕಿರುವುದೂ ಅದರಲ್ಲೇ. ಸ್ವಭಾವತಃ ಪ್ರಖರವಾದ ಗೆಲಾಕ್ಸಿ ಬಹು ದೂರದಿಂದಲೂ ಕಾಣುತ್ತದೆ. ಮಂಕಾದದ್ದು ಹತ್ತಿರವಿದ್ದರೆ ಮಾತ್ರ. ಹೀಗಾಗಿ ಪಟ್ಟಿಯಲ್ಲಿ ಪ್ರಖರವಾದವುಗಳ ಪಾಲು ನಿಜಕ್ಕಿಂತ ಹೆಚ್ಚಾಗಿಬಿಡುತ್ತದೆ. ನಕ್ಷತ್ರಗಳ ವಿಷಯದಲ್ಲಿ ಈ ದೋಷವನ್ನು ಸ್ವೀಡನ್ನಿನ ಗುನ್ನಾರ್ ಮಾಲ್ಮ್‌ಕ್ವಿಸ್ಟ್ 1920ರ ದಶಕದಲ್ಲೇ ಗಣಿತದ ಮೂಲಕ ವಿವರಿಸಿದ್ದರು. ಪರಿಹಾರವೂ ಉಂಟು: ಒಂದು ದೂರವನ್ನು ಗೊತ್ತುಮಾಡಿಕೊಂಡು, ಅದರ ಅಂಚಿನಲ್ಲಿದ್ದರೂ ಕಾಣಬಲ್ಲಷ್ಟು ಪ್ರಖರವಾದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು. ಪಟ್ಟಿ ಚಿಕ್ಕದಾಗುತ್ತದೆ, ಪಕ್ಷಪಾತವೂ ತಗ್ಗುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಗೂಢವಾದದ್ದು. 1970ರಲ್ಲಿ ಆಸ್ಟ್ರೇಲಿಯದ ಕೆನ್ ಫ್ರೀಮನ್, ತಾವು ಪರಿಶೀಲಿಸಿದ ತಟ್ಟೆಯಾಕಾರದ ಗೆಲಾಕ್ಸಿಗಳಲ್ಲಿ ಹೆಚ್ಚಿನವುಗಳ ತಟ್ಟೆಯ ನಡುಭಾಗದ ಹೊಳಪು ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. ಇದು ಪ್ರಕೃತಿಯ ನಿಯಮವೇ? ಅಲ್ಲದಿರಬಹುದು ಎಂದು 1976ರಲ್ಲಿ ಬ್ರಿಟನ್ನಿನ ಮೈಕೆಲ್ ಡಿಸ್ನಿ ವಾದಿಸಿದರು. ರಾತ್ರಿಯ ಆಕಾಶ ಪೂರ್ತಿ ಕಪ್ಪಲ್ಲ. ಅದಕ್ಕೂ ಒಂದು ಮಸುಕು ಬೆಳಕಿದೆ. ಬೆಳಕನ್ನು ತೆಳುವಾಗಿ ಹರಡಿಕೊಂಡ ಗೆಲಾಕ್ಸಿ ಅದರಲ್ಲಿ ಮುಳುಗಿಹೋಗುತ್ತದೆ. ತೀರ ಅಡಕವಾದದ್ದು ನಕ್ಷತ್ರದಂತೆ ಕಂಡು ತಪ್ಪಿಸಿಕೊಳ್ಳುತ್ತದೆ. ಕೈಗೆ ಸಿಗುವುದು ನಡುವಿನವು ಮಾತ್ರ. ಜರಡಿಯ ಕಣ್ಣಿನ ಅಳತೆಯನ್ನೇ ಕಾಳಿನ ಅಳತೆಯೆಂದು ನಂಬಿದಂತೆ.

ಬಲವಾದ ಸಾಕ್ಷಿಯೊಂದು ದೊರೆತದ್ದು ಹತ್ತು ವರ್ಷಗಳ ಬಳಿಕ. ಆಸ್ಟ್ರೇಲಿಯದಲ್ಲಿದ್ದ ಡೇವಿಡ್ ಮಾಲಿನ್, ಛಾಯಾಫಲಕಗಳಲ್ಲಿ ಹುದುಗಿದ ಮಸುಕು ರೂಪಗಳನ್ನು ಎತ್ತಿ ತೋರಿಸುವ ತಂತ್ರ ರೂಪಿಸಿದ್ದರು. ಅದರ ನೆರವಿನಿಂದ ಕನ್ಯಾ ಗುಚ್ಛದ ದಿಕ್ಕಿನಲ್ಲಿ ಹುಡುಕುತ್ತಿದ್ದಾಗ, ಗುಚ್ಛಕ್ಕಿಂತ ಬಹಳ ಹಿಂದೆ, 100 ಕೋಟಿ ಜ್ಯೋತಿರ್ವರ್ಷಗಳಿಗೂ ಆಚೆ, 1986ರಲ್ಲಿ ಒಂದು ಗೆಲಾಕ್ಸಿ ಪತ್ತೆಯಾಯಿತು. ‘ಮಾಲಿನ್ 1’ ಎಂಬ ಅದು ನಮ್ಮ ಕ್ಷೀರಪಥಕ್ಕಿಂತ ಹಲವು ಪಟ್ಟು ಅಗಲ! ಅಂಥ ದೈತ್ಯವೂ ಅಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

2000ದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಆರಂಭವಾದ ಸ್ಲೋನ್ ಸಮೀಕ್ಷೆ ಈ ಪಾಠ ಮರೆಯಲಿಲ್ಲ. ಪ್ರತಿ ಗೆಲಾಕ್ಸಿಯ ಬೆಳಕನ್ನೂ ಅದರದೇ ಹರಹಿಗೆ ತಕ್ಕ ವೃತ್ತದೊಳಗೆ ಅಳೆದರು. ಆದರೂ ತೀರ ಮಂಕಾದವನ್ನು ಕೈಬಿಡಬೇಕಾಯಿತು. ಗೆರೆ ಎಳೆದದ್ದು ಎಲ್ಲಿ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಪ್ರಕಟಿಸಿದರು. ಏನನ್ನೂ ಬಿಡದ ಪಟ್ಟಿ ಸಾಧ್ಯವಿಲ್ಲ. ಏನನ್ನು ಬಿಟ್ಟಿದೆ ಎಂದು ತಾನೇ ಹೇಳುವ ಪಟ್ಟಿಯನ್ನು ನಂಬಬಹುದು.