ನೆಲದ ದಾರಿಯ ವಾಹಿನಿ: ಫಿಲಡೆಲ್ಫಿಯಾದ ಪ್ರಿಸಂ ಮತ್ತು ಸ್ಪೋರ್ಟ್ಸ್‌ನೆಟ್ ಪ್ರಕರಣದ ಮರುಪರಿಶೀಲನೆ

ಅಮೆರಿಕದ ಪ್ರಾದೇಶಿಕ ಕ್ರೀಡಾ ವಾಹಿನಿಗಳ ಚರಿತ್ರೆಯಲ್ಲಿ ಕೆಲವು ಸಂಗತಿಗಳ ಬಗ್ಗೆ ಈಗ ತಕರಾರಿಲ್ಲ. ಊರಿನ ತಂಡದ ಪಂದ್ಯಕ್ಕೆ ಬೇರೆ ಯಾವ ಕಾರ್ಯಕ್ರಮವೂ ಬದಲಿಯಾಗದು. ಆದ್ದರಿಂದ ಅದರ ಪ್ರಸಾರದ ಹಕ್ಕು ಯಾರ ಕೈಲಿದೆಯೋ ಚಂದಾದಾರರೂ ಅವರ ಹಿಡಿತದಲ್ಲಿರುತ್ತಾರೆ. ಕೇಬಲ್ ಕಂಪನಿಗಳು ತಂಡಗಳನ್ನೇ ಕೊಳ್ಳತೊಡಗಿದ ಮೇಲೆ ಈ ಹಿಡಿತ ಇನ್ನಷ್ಟು ಬಿಗಿಯಾಯಿತು. ಇಷ್ಟನ್ನು ನಾನೂ ಒಪ್ಪುತ್ತೇನೆ. ನನ್ನ ಭಿನ್ನಾಭಿಪ್ರಾಯವಿರುವುದು ಫಿಲಡೆಲ್ಫಿಯಾದ ವಿಷಯದಲ್ಲಿ.

ಆ ನಗರದ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳಲಾಗುತ್ತದೆ. ಕೇಬಲ್ ಕಂಪನಿಗಳ ಒಡೆತನದ ವಾಹಿನಿಗಳನ್ನು ಪ್ರತಿಸ್ಪರ್ಧಿಗಳಿಗೂ ಒದಗಿಸಬೇಕೆಂದು 1992ರ ಕೇಬಲ್ ಕಾಯಿದೆ ವಿಧಿಸಿತು. ಆದರೆ ಆ ಕಟ್ಟಳೆ ಉಪಗ್ರಹದ ಮೂಲಕ ಹಂಚಿಕೆಯಾಗುವ ವಾಹಿನಿಗಳಿಗಷ್ಟೇ ಅನ್ವಯಿಸುತ್ತಿತ್ತು. 1997ರ ಅಕ್ಟೋಬರ್ 1ರಂದು ಆರಂಭವಾದ ಕೇಬಲ್ ಕಂಪನಿ ಕಾಮ್‌ಕಾಸ್ಟ್‌ನ ಸ್ಪೋರ್ಟ್ಸ್‌ನೆಟ್ ವಾಹಿನಿ ಉಪಗ್ರಹವನ್ನು ಬಳಸದೆ ಮೈಕ್ರೋವೇವ್ ಮತ್ತು ಫೈಬರ್ ಜಾಲದಲ್ಲಿ ಸಾಗಿತು. ಉಪಗ್ರಹ ಟಿವಿ ಕಂಪನಿಗಳಾದ ಡೈರೆಕ್ಟ್‌ಟಿವಿಗೂ ಎಕೋಸ್ಟಾರಿಗೂ ಕಾಮ್‌ಕಾಸ್ಟ್ ವಾಹಿನಿಯನ್ನು ಕೊಡಲಿಲ್ಲ. ಅವರ ದೂರುಗಳನ್ನು ಸಂಪರ್ಕ ಆಯೋಗವಾದ ಎಫ್‌ಸಿಸಿ ತಳ್ಳಿಹಾಕಿತು. 2002ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ನಿಲುವನ್ನು ಎತ್ತಿಹಿಡಿಯಿತು. ಕಾನೂನಿನ ಕೈಗೆ ಸಿಗದಿರಲೆಂದೇ ಕಾಮ್‌ಕಾಸ್ಟ್ ನೆಲದ ದಾರಿ ಹಿಡಿಯಿತೆಂಬ ಅಭಿಪ್ರಾಯ ಅಂದಿನಿಂದ ಗಟ್ಟಿಯಾಗಿ ಬೇರೂರಿದೆ.

ಈ ಅಭಿಪ್ರಾಯ ಚರಿತ್ರೆಯನ್ನು 1997ರಿಂದ ಶುರುಮಾಡುತ್ತದೆ. ಅದಕ್ಕೂ ಇಪ್ಪತ್ತೊಂದು ವರ್ಷ ಮೊದಲೇ, 1976ರ ಸೆಪ್ಟೆಂಬರಿನಲ್ಲಿ, ಫ್ಲೈಯರ್ಸ್ ಹಾಕಿ ತಂಡದ ಒಡೆಯ ಎಡ್ ಸ್ನೈಡರ್ ಅವರ ಸ್ಪೆಕ್ಟಕಾರ್ ಸಂಸ್ಥೆಯು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಜೊತೆಗೂಡಿ ಪ್ರಿಸಂ ಎಂಬ ವಾಹಿನಿಯನ್ನು ಶುರುಮಾಡಿತ್ತು. ಫ್ಲೈಯರ್ಸ್ 1974 ಮತ್ತು 1975ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿದ್ದ ಹೊತ್ತು ಅದು. ಊರಿನ ತಂಡಗಳ ಪಂದ್ಯಗಳು, ನಡುನಡುವೆ ಸಿನಿಮಾ, ಇವೆರಡಕ್ಕೂ ಸೇರಿ ತಿಂಗಳ ಚಂದಾ. ಸ್ಪೆಕ್ಟ್ರಮ್ ಕ್ರೀಡಾಂಗಣದ ಕ್ಯಾಮೆರಾಗಳಿಂದ ಹೊರಟ ಚಿತ್ರವನ್ನು ಮೈಕ್ರೋವೇವ್ ಗೋಪುರಗಳು ಒಂದರಿಂದೊಂದಕ್ಕೆ ದಾಟಿಸಿ ಉಪನಗರಗಳ ಕೇಬಲ್ ಕೇಂದ್ರಗಳಿಗೆ ತಲುಪಿಸುತ್ತಿದ್ದವು. ಮೈಕ್ರೋವೇವ್ ಕಿರಣ ನೇರ ದೃಷ್ಟಿಯ ಹಾದಿಯಲ್ಲಿ ಮಾತ್ರ ಸಾಗಬಲ್ಲದು. ಒಂದು ಮಹಾನಗರದ ಸುತ್ತಲಿನ ಊರುಗಳಿಗೆ ಅಷ್ಟು ಸಾಕಾಗಿತ್ತು. ದೇಶವ್ಯಾಪಿ ವಾಹಿನಿಗೆ ಉಪಗ್ರಹ ಬೇಕು. ಇಂಥ ವಾಹಿನಿಗೆ ಅದು ದುಂದುವೆಚ್ಚ.

1980ರ ದಶಕದ ಮೊದಲ ಅರ್ಧದ ಒಂದು ಘಟನೆಗೆ ಈ ಚರ್ಚೆಯಲ್ಲಿ ಸಿಗಬೇಕಾದ ಗಮನ ಸಿಕ್ಕಿಲ್ಲ. ಫಿಲಡೆಲ್ಫಿಯಾ ನಗರದ ಬಹುಭಾಗದಲ್ಲಿ ಆಗಿನ್ನೂ ಕೇಬಲ್ ತಂತಿ ಎಳೆದಿರಲಿಲ್ಲ. ಆ ಕಾರಣಕ್ಕೆ ಪ್ರಿಸಂ ಸ್ವಲ್ಪ ಕಾಲ 57ನೇ ಯುಎಚ್‌ಎಫ್ ಚಾನೆಲ್ಲಿನ ಮೂಲಕ ಕಲಸಿದ ಸಂಕೇತವಾಗಿ ಗಾಳಿಯಲ್ಲೇ ಪ್ರಸಾರವಾಯಿತು. ಚಂದಾ ಕಟ್ಟಿದವರ ಮನೆಯ ಡಿಕೋಡರ್ ಪೆಟ್ಟಿಗೆ ಚಿತ್ರವನ್ನು ಬಿಡಿಸಿ ತೋರಿಸುತ್ತಿತ್ತು. ಅಂದರೆ ನೆಲದ ಪ್ರಸಾರ ಆಗ ವೀಕ್ಷಕರನ್ನು ಹೊರಗಿಡುವ ಉಪಾಯವಾಗಿರಲಿಲ್ಲ, ತಂತಿ ಮುಟ್ಟದ ಮನೆಯನ್ನೂ ಮುಟ್ಟುವ ಪ್ರಯತ್ನವಾಗಿತ್ತು. ಕಾಮ್‌ಕಾಸ್ಟ್ 1996ರಲ್ಲಿ ಸ್ಪೆಕ್ಟಕಾರಿನ ಬಹುಪಾಲನ್ನು ಕೊಂಡು ಫ್ಲೈಯರ್ಸ್ ಮತ್ತು ಸೆವೆಂಟಿಸಿಕ್ಸರ್ಸ್ ತಂಡಗಳನ್ನು ಕೈಗೆ ತೆಗೆದುಕೊಂಡಾಗ ಈ ಪ್ರದೇಶದ ಕ್ರೀಡಾ ಪ್ರಸಾರಕ್ಕೆ ನೆಲದ ದಾರಿ ಹೊಸತೇನಾಗಿರಲಿಲ್ಲ. ಆ ದಾರಿಯನ್ನು ಕಾಮ್‌ಕಾಸ್ಟ್ ಕಾನೂನು ತಪ್ಪಿಸಲು ಹುಡುಕಿದ್ದಲ್ಲ, ಪರಂಪರೆಯಾಗಿ ಪಡೆದದ್ದು ಎಂಬುದು ನನ್ನ ವಾದ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಮರೆಮಾಚುವಂತಿಲ್ಲ. ಸ್ಪೋರ್ಟ್ಸ್‌ನೆಟ್ ಬಂದಾಗ ತೆರವಾದದ್ದು ಪ್ರಿಸಂ ಒಂದೇ ಅಲ್ಲ. ಸ್ಪೋರ್ಟ್ಸ್‌ಚಾನೆಲ್ ಫಿಲಡೆಲ್ಫಿಯಾ ಕೂಡ ಮುಚ್ಚಿತು, ಅದು ಉಪಗ್ರಹದ ಮೂಲಕವೇ ಹಂಚಿಕೆಯಾಗುತ್ತಿತ್ತು. ಎರಡು ಪರಂಪರೆಗಳು ಮುಂದಿದ್ದಾಗ ಕಾಮ್‌ಕಾಸ್ಟ್ ತನಗೆ ಲಾಭವಾಗುವುದನ್ನು ಆರಿಸಿಕೊಂಡಿತು ಎನ್ನಬಹುದು. ಸ್ಪೋರ್ಟ್ಸ್‌ನೆಟ್ ಹಳೆಯ ವಾಹಿನಿಯ ಸ್ಥಳಾಂತರವಲ್ಲ, ಹೊಸದೇ ಸೇವೆ, ನೆಲದ ದಾರಿಯಲ್ಲಿ ಖರ್ಚು ಕಡಿಮೆ ಎಂದು ಆಯೋಗ ಒಪ್ಪಿತು. ವೆಚ್ಚದ ಮಾತು ನಂಬುವಂಥದ್ದೇ. ಆದರೂ ಖರ್ಚು ಉಳಿಸುವ ಉದ್ದೇಶವಿದ್ದ ಮಾತ್ರಕ್ಕೆ ಪ್ರತಿಸ್ಪರ್ಧಿಯನ್ನು ಹೊರಗಿಡುವ ಉದ್ದೇಶ ಇರಲಿಲ್ಲವೆಂದು ಹೇಳಲಾಗದು. ಎರಡೂ ಒಂದೇ ನಿರ್ಧಾರದೊಳಗೆ ಇರಬಲ್ಲವು. ಹೀಗಾಗಿ ವಾದವನ್ನು ಇಷ್ಟಕ್ಕೆ ಮಿತಿಗೊಳಿಸುತ್ತೇನೆ: ದಾರಿಯ ಮೂಲ ಒಂದು, ಅದು ಬಳಕೆಯಾದ ಬಗೆ ಇನ್ನೊಂದು. ತಂತ್ರಜ್ಞಾನ ಬಂದದ್ದು 1976ರಿಂದ. ಅದು ಬೇಲಿಯಾದದ್ದು ಡಿಶ್ ಕಂಪನಿಗಳು ಮನೆಬಾಗಿಲಿಗೆ ಬಂದ ಮೇಲೆ.

ಬೇಲಿ ಎಷ್ಟು ಎತ್ತರವಿತ್ತು? ಸ್ಪೋರ್ಟ್ಸ್‌ನೆಟ್ ಸಿಗದ ಕಾರಣ ಫಿಲಡೆಲ್ಫಿಯಾದಲ್ಲಿ ಉಪಗ್ರಹ ಟಿವಿಯ ಪಾಲು ಇರಬೇಕಾದ್ದಕ್ಕಿಂತ ಶೇ. 40ರಷ್ಟು ಕಡಿಮೆಯಾಗಿದೆ ಎಂದು ಎಫ್‌ಸಿಸಿ 2006ರಲ್ಲಿ ಅಂದಾಜಿಸಿತು. ಪಾಡ್ರೆಸ್ ಬೇಸ್‌ಬಾಲ್ ತಂಡದ ಪಂದ್ಯಗಳನ್ನು ಕಾಕ್ಸ್ ಕೇಬಲ್ ಕಂಪನಿ ತನ್ನಲ್ಲೇ ಇರಿಸಿಕೊಂಡಿದ್ದ ಸ್ಯಾನ್ ಡಿಯೇಗೋದಲ್ಲಿ ಈ ಕೊರತೆ ಶೇ. 33. ಆದರೆ ನೆಲದ ದಾರಿಯ ವಾಹಿನಿಯೇ ಇದ್ದ ಷಾರ್ಲಟ್ ನಗರದಲ್ಲಿ ಇಂಥ ಪರಿಣಾಮವೇ ಕಾಣಲಿಲ್ಲ. ಈ ಮೂರನೆಯ ನಗರವೇ ನನಗೆ ಹೆಚ್ಚು ಮುಖ್ಯವಾಗಿ ತೋರುತ್ತದೆ. ನೆಲದ ದಾರಿಯೊಂದೇ ಬೇಲಿಯಾಗುವುದಿದ್ದರೆ ಅಲ್ಲಿಯೂ ಆಗಬೇಕಿತ್ತು. ಷಾರ್ಲಟ್ಟಿನಲ್ಲಿದ್ದದ್ದು ಬಾಬ್‌ಕ್ಯಾಟ್ಸ್ ಎಂಬ ಹೊಚ್ಚಹೊಸ ಬ್ಯಾಸ್ಕೆಟ್‌ಬಾಲ್ ತಂಡ ಮತ್ತು ಅಲ್ಪಾಯುಷಿಯಾದ ಒಂದು ವಾಹಿನಿ. ಫಿಲಡೆಲ್ಫಿಯಾದಲ್ಲೋ ಬೇಸ್‌ಬಾಲ್ ತಂಡ ಫಿಲ್ಲೀಸ್, ಫ್ಲೈಯರ್ಸ್, ಸೆವೆಂಟಿಸಿಕ್ಸರ್ಸ್ ಮೂರೂ ಒಂದೇ ವಾಹಿನಿಯಲ್ಲಿದ್ದವು, ಎರಡು ತಂಡಗಳು ಕೇಬಲ್ ಕಂಪನಿಯವೇ. ಅದರ ಹಿಂದೆ ಪ್ರಿಸಂ ಎರಡು ದಶಕ ಕಾಲ ಬೆಳೆಸಿದ, ಹಣ ಕೊಟ್ಟು ಮನೆಯಲ್ಲೇ ಪಂದ್ಯ ನೋಡುವ ರೂಢಿಯಿತ್ತು. ಬೇಲಿಗೆ ಬಲ ಕೊಟ್ಟದ್ದು ಈ ರೂಢಿ ಎಂಬುದು ನನ್ನ ಊಹೆ. 2008ರಲ್ಲಿ ಫಿಲ್ಲೀಸ್ ವರ್ಲ್ಡ್ ಸೀರೀಸ್ ಗೆದ್ದ ವರ್ಷವೂ ಡಿಶ್ ಹಾಕಿಸಿದ್ದ ಸ್ಥಳೀಯ ಅಭಿಮಾನಿಗೆ ಸ್ಪೋರ್ಟ್ಸ್‌ನೆಟ್ ಇರಲಿಲ್ಲ. ತನ್ನೂರಿನ ತಂಡದ ಋತುವನ್ನು ಹೀಗೆ ಕಳೆದುಕೊಂಡ ಮನೆಗಳ ನಷ್ಟವನ್ನು ಮಾರುಕಟ್ಟೆಯ ಪಾಲಿನ ಲೆಕ್ಕವೊಂದೇ ಹೇಳಲಾರದು.

  

ಎಫ್‌ಸಿಸಿ 2010ರ ಜನವರಿಯಲ್ಲಿ ನೆಲದ ದಾರಿಯ ವಾಹಿನಿಗಳ ಮೇಲಿನ ದೂರುಗಳನ್ನೂ ಕೇಳಲು ನಿಯಮ ಮಾಡಿತು. ಮರುವರ್ಷ ನ್ಯಾಯಾಲಯ ಅದರ ಬಹುಭಾಗವನ್ನು ಉಳಿಸಿತು. ಹಾಗಿದ್ದರೂ ಫಿಲಡೆಲ್ಫಿಯಾದ ಡಿಶ್ ಮನೆಗಳಿಗೆ ವಾಹಿನಿ ಕೂಡಲೇ ಬರಲಿಲ್ಲ. ಷಾರ್ಲಟ್ಟಿನ ಫಲಿತಾಂಶಕ್ಕೆ ತಂಡದ ಹೊಸತನ ಎಷ್ಟು ಕಾರಣ, ವಾಹಿನಿಯ ಅಲ್ಪಾಯುಷ್ಯ ಎಷ್ಟು ಕಾರಣ ಎಂಬುದನ್ನು ಮೂರೇ ನಗರಗಳ ಹೋಲಿಕೆ ತೀರ್ಮಾನಿಸಲಾರದು. ಪ್ರಿಸಂ ಮೊದಲೇ ತಲುಪಿದ್ದ ಉಪನಗರಗಳನ್ನೂ ಕೇಬಲ್ ತಡವಾಗಿ ಬಂದ ನಗರದ ಬಡಾವಣೆಗಳನ್ನೂ ಪ್ರತ್ಯೇಕವಾಗಿ ಅಳೆದು ನೋಡಿದರೆ, ಚಂದಾದಾರಿಕೆಯ ರೂಢಿಯ ಬಗ್ಗೆ ಇಲ್ಲಿ ಮಂಡಿಸಿದ ಊಹೆ ನಿಲ್ಲುವುದೋ ಬೀಳುವುದೋ ತಿಳಿಯುತ್ತದೆ.